‘ಪಾಪ’ ಅನ್ನಬೇಡಿ

“ಈ ಪುಟ ಬರೆದವರು ಯಾರು?”

ಎಡಗೈಯಲ್ಲಿ ಮೊಬೈಲ್ ಎತ್ತಿ ಹಿಡಿದು ಅವಳು ಆಫೀಸಿನೊಳಗೆ ನುಗ್ಗಿದಾಗ ನಾಲ್ಕು ತಲೆಗಳು ಕಂಪ್ಯೂಟರುಗಳ ಹಿಂದೆ ತಗ್ಗಿದವು. ಕಲಾವಿದರ ಚಿತ್ರಗಳನ್ನು ಆನ್‌ಲೈನಿನಲ್ಲಿ ಪರಿಚಯಿಸಿ ಮಾರಿಕೊಡುವ ಪುಟ್ಟ ವೆಬ್‌ಸೈಟ್ ಅದು. ಕಿಟಕಿಯ ಪಕ್ಕ ಕುಳಿತಿದ್ದವನೊಬ್ಬ ಎದ್ದು ನಿಂತ.

“ನಾನೇ. ಬನ್ನಿ, ಕೂತ್ಕೊಳ್ಳಿ.”

“ಕೂತ್ಕೊಳ್ಳೋಕೆ ಬಂದಿಲ್ಲ. ಓದಿ ಇದನ್ನ. ಜೋರಾಗಿ ಓದಿ.”

“ಅಪಘಾತದಲ್ಲಿ ಬಲಗೈ ಕಳೆದುಕೊಂಡರೂ ಛಲ ಬಿಡದ ಕಲಾವಿದೆ...” ಅಲ್ಲಿಗೇ ಅವನ ದನಿ ಉಡುಗಿತು.

ಮೂರು ತಿಂಗಳಿಂದ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಮುಖಾಮುಖಿ ಆದದ್ದು ಇದೇ ಮೊದಲು. ಚಿತ್ರದ ಫೋಟೊ ತೆಗೆಯುವಾಗ ಬೆಳಕು ಎಲ್ಲಿಂದ ಬೀಳಬೇಕು ಎಂದು ಶುರುವಾದ ಮಾತು ಸಿನಿಮಾ, ನೆಗಡಿ, ಅಕ್ಕನ ಬೈಗುಳದವರೆಗೂ ಹಬ್ಬಿತ್ತು. ಕೈಯ ವಿಷಯ ಮಾತ್ರ ಅವಳು ಎತ್ತಿರಲಿಲ್ಲ. ಲೋಕದಲ್ಲಿ ಇವನೊಬ್ಬನಾದರೂ ತನ್ನನ್ನು ಬರೀ ಚಿತ್ರಗಾರ್ತಿ ಎಂದುಕೊಂಡಿರಲಿ ಎಂಬ ಆಸೆ.

“ಯಾರು ಹೇಳಿದ್ದು ನಿಮಗೆ?”

“ನಿಮ್ಮಕ್ಕ. ಅವತ್ತು ಫೋನ್ ಅವರೇ ತೆಗೆದ್ರು. ನಿಮ್ಮ ಪುಟ ಯಾರೂ ನೋಡ್ತಿರಲಿಲ್ಲ, ಬಾಸ್ ಏನಾದ್ರೂ ಕಥೆ ಹಾಕು ಅಂತಿದ್ರು. ನಿಮಗೆ ಒಳ್ಳೇದಾಗ್ಲಿ ಅಂತ...”

“ಒಳ್ಳೇದಾ? ಕೆಳಗೆ ಇಷ್ಟುದ್ದ ಕಮೆಂಟ್ ಇದೆ. ಒಬ್ಬರಾದ್ರೂ ಚಿತ್ರದ ಬಗ್ಗೆ ಬರೆದಿದ್ದಾರಾ? ಪಾಪ, ಪಾಪ, ಪಾಪ! ಹತ್ತು ದಿನದಲ್ಲಿ ಏಳು ಚಿತ್ರ ಹೋಯ್ತು ಅಂತ ಕುಣಿದಾಡಿದ್ದೆ ರೀ ನಾನು. ಅವರೆಲ್ಲ ಕೊಂಡಿದ್ದು ಈ ಇಲ್ಲದ ಕೈನ!”

“ತಪ್ಪಾಯ್ತು. ಈಗಲೇ ತೆಗೆದುಹಾಕ್ತೀನಿ.”

“ತೆಗೆದ್ರೆ ಮುಗೀತಾ? ಕೊಂಡವರಿಗೆಲ್ಲ ಬರೀರಿ. ಪಾಪ ಅಂತ ತಗೊಂಡಿದ್ರೆ ವಾಪಸ್ ಕಳಿಸಿ ಅನ್ನಿ.”

ಗಲಾಟೆ ಕೇಳಿ ಹೊರಬಂದ ಬಾಸ್ ಗದರಿದ. “ಮಾರಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನ್ರೀ?”

“ನಾನು ಕೇಳ್ತೀನಿ ಸಾರ್,” ಎಂದು ಅವನು ಆಗಲೇ ಟೈಪ್ ಮಾಡತೊಡಗಿದ್ದ.

ಆಮೇಲೆ ಅವಳು ಅವನ ಫೋನ್ ಎತ್ತಲಿಲ್ಲ. ಅಕ್ಕನ ಜೊತೆಗೂ ಮಾತು ಬಿಟ್ಟಳು. ಕುಂಚ ಹಿಡಿದರೆ ಬಣ್ಣವೆಲ್ಲ ಕೆಸರಾಗುತ್ತಿತ್ತು. ಸಿಟ್ಟು ನೆತ್ತಿಯಿಂದ ಇಳಿಯಲೇ ಇಲ್ಲ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನೇ ಅವಳ ಮಹಡಿ ಕೋಣೆಯ ಬಾಗಿಲಲ್ಲಿ ನಿಂತಿದ್ದ, ಎರಡು ಚಿತ್ರಗಳನ್ನು ಕಂಕುಳಲ್ಲಿ ಇರುಕಿಕೊಂಡು.

“ಎರಡು ವಾಪಸ್ ಬಂತು. ನಾಲ್ಕು ಜನ ಕೊಡಲ್ಲ ಅಂದ್ರು. ಅದ್ರಲ್ಲಿ ಒಬ್ಬರು ಅಜ್ಜಿ ನಿಮ್ಮ ಪುಟ ಓದೇ ಇಲ್ಲ. ‘ಈ ಚಿತ್ರದಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿರೋಳು ನನ್ನ ತಂಗಿ ಥರಾನೇ ಸಿಡುಕಿ, ಅವಳನ್ನ ಕೊಡಲ್ಲ ಹೋಗಯ್ಯ’ ಅಂತ ಫೋನಲ್ಲೇ ಉಗಿದ್ರು.”

ಬಂದ ನಗುವನ್ನು ಅವಳು ಕಷ್ಟಪಟ್ಟು ನುಂಗಿದಳು. “ಆರಾಯ್ತು. ಏಳನೇದು?”

ಅವನ ಕಿವಿ ಕೆಂಪಾಯಿತು. “ನಮ್ಮನೇಲಿದೆ.”

“ಓಹೋ! ನೀವೂ ಪಾಪ ಅಂತ ತಗೊಂಡ್ರಾ?”

“ಎಲ್ಲಕ್ಕಿಂತ ಮೊದಲು ಹೋಗಿದ್ದೇ ಅದು. ನಿಮ್ಮಕ್ಕ ಹೇಳೋಕೆ ಎರಡು ದಿನ ಮುಂಚೆ. ಆಗ ನನಗೆ ನಿಮ್ಮ ದನಿ ಗೊತ್ತಿತ್ತು, ಚಿತ್ರ ಗೊತ್ತಿತ್ತು. ಅಷ್ಟೇ.”

“ಮತ್ತೆ ಯಾಕೆ ತಗೊಂಡ್ರಿ?”

ಅವನು ನೆಲ ನೋಡಿದ. “ಆ ಚಿತ್ರದಲ್ಲಿ ಒಬ್ಬಳು ಬಸ್ ಸ್ಟಾಪಲ್ಲಿ ನಿಂತಿದ್ದಾಳಲ್ಲ, ಬಸ್ ಬಂದ್ರೂ ಹತ್ತದೆ ಫೋನ್ ಹಿಡ್ಕೊಂಡು ನಗ್ತಾ... ಅಷ್ಟು ಚೆನ್ನಾಗಿ ಯಾರ ಜೊತೆ ಮಾತಾಡ್ತಿದ್ದಾಳೆ ಅಂತ ಹೊಟ್ಟೆಕಿಚ್ಚಾಯ್ತು.”

“ನಿನ್ನ ಜೊತೆ ಕಣೋ, ದಡ್ಡ!”

ರೇಗಿ ಅಂದುಬಿಟ್ಟಿದ್ದಳು. ‘ನೀವು’ ಎಲ್ಲಿ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವನು ತಲೆಯೆತ್ತಿ ನೋಡುತ್ತಲೇ ಉಳಿದ.

“ಹಾಗೆಲ್ಲ ನೋಡ್ಬೇಡ. ನನ್ನ ಕೋಪ ಇನ್ನೂ ಹೋಗಿಲ್ಲ.”

“ಗೊತ್ತು. ಒಳಗೆ ಬರ್ಲಾ?”

ಅವಳು ಬಾಗಿಲಿಗೆ ಅಡ್ಡವಾಗಿದ್ದ ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.