ಮೊದಲು ಹೊಸ ಮುಖ

"ಬಣ್ಣ ಎಲ್ಲಿ ಬೇಕಾದ್ರೂ ಬಳೀತೀನಿ ಸಾರ್. ಆ ಮುಖ ಮಾತ್ರ ಮುಟ್ಟಲ್ಲ," ಎಂದು ಪೇಂಟರ್ ಚಿಕ್ಕಮಾರಯ್ಯ ರೋಲರನ್ನು ಬಕೆಟ್ಟಿನಲ್ಲಿ ಇಳಿಬಿಟ್ಟ.

ಭಾನುಪ್ರಕಾಶನಿಗೆ ನಗು ಬಂತು. ತುಮಕೂರಿನಲ್ಲಿ ಹದಿನೈದು ವರ್ಷ ಫಿಸಿಕ್ಸ್ ಪಾಠ ಮಾಡಿದ ಮನುಷ್ಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದಡ್ಡರನ್ನು ಕಂಡರೆ ಅವನ ನಾಲಿಗೆಗೆ ತುರಿಕೆ, ಮತ್ತು ಅವನ ಲೆಕ್ಕದಲ್ಲಿ ತಾನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ದಡ್ಡರೇ. ಅವನಿಗೆ ಅನ್ನ ಹಾಕುತ್ತಿದ್ದುದೂ ಅದೇ ನಾಲಿಗೆ ಅನ್ನಿ. ನಿಟ್ಟೂರಿನಲ್ಲಿ ಗುಂಡಯ್ಯನ ಹಳೆ ಮನೆಯನ್ನು ಕೊಂಡು, ಅದರ ನಡುಮನೆಯಲ್ಲಿ ಸೋಮವಾರದಿಂದ ಸ್ವಂತ ಟ್ಯೂಷನ್ ಶುರುಮಾಡುವವನಿದ್ದ. ಬಾಗಿಲ ಪಕ್ಕದ ಹೊರಗೋಡೆಯ ಮೇಲೆ ಮೊರದಗಲದ ರಾಕ್ಷಸನ ಮುಖ: ಗುಡ್ಡೆ ಕಣ್ಣು, ಗಿರಿಜಾ ಮೀಸೆ, ಗದ್ದ ದಾಟಿ ಇಳಿದ ಕೆಂಪು ನಾಲಿಗೆ. ಫಿಸಿಕ್ಸ್ ಮೇಷ್ಟ್ರ ಮನೆಗೆ ಇದೊಂದು ಅಲಂಕಾರ ಬೇರೆ!

"ದೃಷ್ಟಿ ಗೊಂಬೆಗೆ ಹೆದರ್ತೀಯಲ್ಲಯ್ಯಾ, ನಾಚ್ಕೆ ಆಗಲ್ವಾ?"

"ಬರೀ ದೃಷ್ಟಿಗೆ ಬರ್ದಿದ್ದಲ್ಲ ಸಾರ್. ಗುಂಡಯ್ಯನ ದಾಯಾದಿಗಳು ಈ ಮನೆಗೆ ಮಾಟ ಮಾಡಿಸಿದ್ರು. ಹುಲಿಯೂರುದುರ್ಗದ ಕಡೆಯೋರು ಒಬ್ರು ಬಂದು ಇದನ್ನ ಬರ್ದೋದ್ರು. ಅವತ್ತಿಂದ ಬಂದಿದ್ದನ್ನೆಲ್ಲ ಇದೇ ನುಂಗ್ಕೊಂಡು ಕೂತದೆ. ಒರೆಸ್ಲೇಬೇಕು ಅಂದ್ರೆ ಮೊದ್ಲು ಹೊಸ ಮುಖ ಆಗ್ಬೇಕು, ಆಮೇಲೆ ಹಳೇದನ್ನ ಅಳಿಸ್ಬೇಕು. ಒಂದ್ ಗಳಿಗೇನೂ ಮನೆ ಮುಖ ಇಲ್ದಂಗೆ ಇರ್ಬಾರ್ದು."

ಹೆಂಡತಿ ಕೋಮಲಾ ಬಾಗಿಲಿಗೆ ಬಂದಳು. "ಅವ್ರು ಹೇಳಿದ್ ಕೇಳ್ರೀ. ಒಳಗ್ ಬನ್ನಿ ಅಣ್ಣ, ಕಾಫಿ ಕುಡೀತಾ ಮಾತಾಡೋಣ."

"ಇವನನ್ನ ಕೂರಿಸಿ ಕಾಫಿ ಬೇರೆ ಕೊಡ್ತಾಳಂತೆ! ನಿನ್ನ ತಲೇಲಿರೋದು ಸಗಣಿ ಕಣೇ. ಒಳಗೆ ನಡಿ."

ಹನ್ನೆರಡು ವರ್ಷದಿಂದ ಮೂರು ಹೊತ್ತೂ ಕೇಳಿದ ಮಾತು. ಕೋಮಲಾ ಒಳಗೆ ಹೋದಳು. ಚಿಕ್ಕಮಾರಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ತನ್ನ ಮನೆಗೆ ನಡೆದ.

ಅಮಾವಾಸ್ಯೆಯ ಮಧ್ಯಾಹ್ನ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಭಾನುಪ್ರಕಾಶ ತಾನೇ ರೋಲರು ಹಿಡಿದ. ಗೋಡೆಯ ಮುಂದೆ ನಿಂತು, ತರಗತಿಯಲ್ಲಿ ತೊದಲುವ ಹುಡುಗರನ್ನು ಅಣಕಿಸುವ ಹಾಗೆಯೇ ಅದನ್ನೂ ಅಣಕಿಸಿದ. ಕಣ್ಣು ಗುಡ್ಡೆ ಮಾಡಿದ. ಹಲ್ಲು ಕಿರಿದ. ಗದ್ದಕ್ಕೆ ತಾಗುವಂತೆ ನಾಲಿಗೆ ಚಾಚಿದ. ಆಮೇಲೆ ಆ ಮುಖದ ಮೇಲೆ ಬಿಳಿ ಬಣ್ಣ ಎಳೆದ.

ಮೊದಲ ಕೋಟ್ ಬಣ್ಣಕ್ಕೆ ಕಣ್ಣು ಮುಚ್ಚಿತು. ಎರಡನೆಯದಕ್ಕೆ ಮೀಸೆ. ನಾಲಿಗೆ ಮಾತ್ರ ಮುಚ್ಚಲಿಲ್ಲ. ಎಷ್ಟು ಬಳಿದರೂ ಕೆಂಪು ಒಸರಿ ಮೇಲೆ ಬಂತು. ಹಸಿ ಪೇಂಟಿನ ವಾಸನೆ ಇದ್ದಕ್ಕಿದ್ದಂತೆ ಅಡಗಿ, ಕಮಟು ಹರಳೆಣ್ಣೆ, ಸುಟ್ಟ ಕೂದಲು, ಕೊಳೆತ ನಿಂಬೆಹಣ್ಣಿನ ನಾತ ಮೂಗಿಗೆ ಹೊಡೆಯಿತು. ಗೋಡೆಯೊಳಗೆ ಯಾರೋ ಏನನ್ನೋ ನುಂಗಿದ ಸದ್ದು. ಗುಟುಕ್. ಪೈಪಿನ ನೀರಿರಬೇಕು ಎಂದುಕೊಂಡ. ಆ ಗೋಡೆಯಲ್ಲಿ ಪೈಪಿರಲಿಲ್ಲ. ರೋಲರು ಒತ್ತಿದ. ಗೋಡೆ ಮೆತ್ತಗಿತ್ತು. ಬೆಚ್ಚಗಿತ್ತು. ಸುಡುವ ಬಿಸಿಲಿನಲ್ಲೂ ಕಣ್ಣಿಗೆ ಕತ್ತಲೆ ಕವಿಯಿತು. ಕೂಗಬೇಕು. ಬಾಯಿ ತೆರೆಯಿತು. ಮುಚ್ಚಲಿಲ್ಲ. ನಾಲಿಗೆ ಹೊರಗೆ ಬಂತು. ಇನ್ನೂ ಬಂತು. ಕೈಯಿಂದ ಒಳಕ್ಕೆ ತಳ್ಳಿದ. ಹೋಗಲಿಲ್ಲ. ಗೋಡೆ ಹಾಲಿನಂತೆ ಬೆಳ್ಳಗಾಗಿತ್ತು.

ತುಮಕೂರಿನ ಡಾಕ್ಟರುಗಳು ನರದ ತೊಂದರೆ ಎಂದರು. ಸೋಮವಾರ ಬಂತು, ಹೋಯಿತು. ಟ್ಯೂಷನ್ ಬೋರ್ಡು ಮಂಚದಡಿ ಸೇರಿತು. ಅವನನ್ನು ಒಳಗೆ ಮಲಗಿಸಿದರೆ ಹಾಲು ಒಡೆಯುತ್ತಿತ್ತು, ಹೊಸ ಬಣ್ಣದ ಮೇಲೆ ಮಸಿ ಹರಡುತ್ತಿತ್ತು. ಬಾಗಿಲ ಪಕ್ಕ ಕುರ್ಚಿ ಹಾಕಿ ರಸ್ತೆಗೆ ಮುಖಮಾಡಿ ಕೂರಿಸಿದರೆ ಮನೆ ತಣ್ಣಗಿರುತ್ತಿತ್ತು. ದಾಯಾದಿಗಳು ಕಳಿಸಿದ್ದೆಲ್ಲ ಈಗ ಅವನ ಗಂಟಲಲ್ಲಿ ಇಳಿಯುತ್ತಿತ್ತು. ಗುಟುಕ್. ಅವನಿಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ಯಾರನ್ನೂ ದಡ್ಡ ಎನ್ನಲು ಮಾತ್ರ ಆಗುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಕೋಮಲಾ ಚಿಕ್ಕಮಾರಯ್ಯನನ್ನು ಕರೆಸಿದಳು. ಅವನು ಕುರ್ಚಿಯಲ್ಲಿದ್ದವನ ಮುಖ ದಿಟ್ಟಿಸದೆ ನಿಂತ.

"ಅವತ್ತು ಏನ್ ಮಾಡಿದ್ರು ಅಕ್ಕಾ?"

"ಕಿಟಕೀಲಿ ನೋಡ್ದೆ. ಅದರ ಥರಾನೇ ಮುಖ ಮಾಡಿ, ನಾಲಿಗೆ ಚಾಚಿ ಅಣಕಿಸಿದ್ರು. ಆಮೇಲೆ ಬಳಿದ್ರು."

"ಅಲ್ಲಿಗೆ ಕ್ರಮ ತಪ್ಪಿಲ್ಲ ಬುಡಿ. ಮೊದ್ಲು ಹೊಸ ಮುಖ ಅಂತ ತಮ್ದೇ ಕೊಟ್ಟವ್ರೆ, ಆಮೇಲೆ ಹಳೇದನ್ನ ಅಳಿಸವ್ರೆ."

"ಈಗ ಗೋಡೆ ಮೇಲೆ ಇನ್ನೊಂದು ಬರೆಯೋಕಾಗಲ್ವಾ?"

"ಬರೀಬೋದು." ಚಿಕ್ಕಮಾರಯ್ಯ ದನಿ ತಗ್ಗಿಸಿದ. "ಆದ್ರೆ ಹೊಸದು ಬರೆದ್ಮೇಲೆ ಹಳೇದನ್ನ ಅಳಿಸ್ಬೇಕಲ್ಲಕ್ಕಾ. ಉಳಿಸ್ಕೊಳಂಗಿಲ್ಲ."

ಭಾನುಪ್ರಕಾಶನ ಗುಡ್ಡೆ ಕಣ್ಣು ಹೆಂಡತಿಯ ಕಡೆ ಹೊರಳಿತು. ಬೇಡ ಅನ್ನು. ಒಂದೇ ಮಾತು. ಬೇಡ ಅನ್ನೇ. ಅವಳು ಅವನ ನಾಲಿಗೆಯನ್ನೇ ನೋಡುತ್ತ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಒಳಗ್ ಬನ್ನಿ ಅಣ್ಣ," ಎಂದಳು. "ಕಾಫಿ ಕುಡೀತಾ ಮಾತಾಡೋಣ."