ನೋಡೋಣ ಎಂಬ ಉತ್ತರ

ಇದು ಇನ್ನು ಮೂವತ್ತು ವರ್ಷ ಕಳೆದ ಮೇಲಿನ ಮಾತು. ಹುಬ್ಬಳ್ಳಿಯ ಕೃತಕ ಕಾಲಿನ ಕಾರ್ಖಾನೆಯಲ್ಲಿ ಯಾರೂ ಯಾರಿಗಾಗಿಯೂ ಕಾಯುತ್ತಿರಲಿಲ್ಲ. ರೋಗಿಯ ಅಳತೆ ಮುಗಿಯುವ ಮೊದಲೇ ಬೇಕಾದ ಸಾಮಾನು ಯಂತ್ರದ ಮುಂದೆ ಹಾಜರಿರುತ್ತಿತ್ತು. ‘ಸಾಹೇಬ್ರು ಊಟಕ್ಕ ಹೋಗ್ಯಾರ’ ಎನ್ನುವವರಿರಲಿಲ್ಲ. ಎಲ್ಲವನ್ನೂ ನಡೆಸುತ್ತಿದ್ದುದು ‘ಸುಗಮ’ ಎಂಬ ಗಣಕ. ಅದನ್ನು ಕಟ್ಟಿದ ಮೈಸೂರಿನ ವಿಜ್ಞಾನಿ ಅರುಂಧತಿ ಮಾತ್ರ ಒಂದು ಕಡೆ ಕೂರಲಾರದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಎಲ್ಲವೂ ಸರಿಯಾಗಿ ನಡೆದರೆ ಎಲ್ಲೋ ಏನೋ ತಪ್ಪಿದೆ ಎಂದು ಹುಡುಕುವುದು ಅವಳ ಸ್ವಭಾವ.

ಹಳೆಯ ಗಣಕಗಳು ಹೇಳಿದ್ದನ್ನು ಮಾಡುತ್ತಿದ್ದವು. ಸುಗಮ ಕೇಳಿಸಿಕೊಳ್ಳುತ್ತಿತ್ತು. ಗೋಡೆಗಳಲ್ಲಿ ಹುದುಗಿಸಿದ ಕಿವಿಗಳಿಂದ ನೌಕರರ ಮಾತು ಆಲಿಸಿ, ಆಮೇಲೆ ನಿಜಕ್ಕೂ ಏನಾಯಿತೆಂದು ಗಮನಿಸಿ, ಪ್ರತಿ ಪದದ ಅಸಲಿ ಅರ್ಥ ಕಲಿಯುತ್ತಿತ್ತು. ಕೆಲಸದ ದಾರಿಗೆ ಅಡ್ಡ ಬಂದ ಹಂತಗಳನ್ನು ಕಿತ್ತುಹಾಕುತ್ತಿತ್ತು. ‘ಈಗ ಬಂದೆ’ ಎಂದರೆ ಇನ್ನೂ ಹೊರಟಿಲ್ಲ, ‘ಆಗ್ಲೇ ಕಳ್ಸೇವ್ರಿ’ ಎಂದರೆ ಇನ್ನೂ ಕಳಿಸಿಲ್ಲ. ಇವೆಲ್ಲ ಅದಕ್ಕೆ ಬಾಯಿಪಾಠ. ಈ ಜಾಣತನ ಕಂಡು ಅರುಂಧತಿ ಬೀಗಿದ್ದೂ ಉಂಟು.

ಬಾಗಿಲ ಬಳಿ ಗದ್ದಲ ಕೇಳಿಸಿತು. ಊರುಗೋಲು ಹಿಡಿದ ಹೆಂಗಸೊಬ್ಬಳು ವ್ಯವಸ್ಥಾಪಕ ಗುರುನಾಥ ಕುಬಸದರನ್ನು ತರಾಟೆಗೆ ತೆಗೆದುಕೊಂಡಿದ್ದಳು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡ ಶಂಕ್ರವ್ವ. ನಿಂತು ಅಡುಗೆ ಮಾಡಲಾಗದೆ ಅವಳ ಖಾನಾವಳಿ ಮುಚ್ಚಿತ್ತು. ಈ ತಿಂಗಳೊಳಗೆ ಮತ್ತೆ ಒಲೆ ಹೊತ್ತಿಸದಿದ್ದರೆ ಜಾಗ ಬೇರೆಯವರ ಪಾಲು. ಉಚಿತ ಕಾಲಿನ ಯೋಜನೆಗೆ ಅವಳ ವಯಸ್ಸು ತುಸು ಮೀರಿತ್ತು.

“ನೋಡೂಣ ಅಂದಿದ್ದೆಲ್ಲೋ ತಮ್ಮಾ? ನಾ ಮನಿ ಮುಟ್ಟೂದ್ರಾಗ ಆಗಂಗಿಲ್ಲ ಅಂತ ಫೋನ್ ಬಂತಲ್ಲ!”

“ನಾ ಆಗಂಗಿಲ್ಲ ಅಂದಿಲ್ಲಬೇ ಯಕ್ಕಾ. ನೋಡೂಣ ಅಂದೀನಿ.”

ಅರುಂಧತಿ ತೆರೆಯ ಮೇಲೆ ಹುಡುಕಿದಳು. ಅರ್ಜಿ ಮುಚ್ಚಿ ಫೋನ್ ಮಾಡಿದ್ದು ಸುಗಮವೇ. ಅದು ಕಲಿತದ್ದು ಸ್ಪಷ್ಟವಾಗಿತ್ತು: ನೋಡೋಣ ಎಂದರೆ ಇಲ್ಲ.

“ಅದು ತಪ್ಪು ಕಲಿತಿಲ್ಲ ಕುಬಸದ ಅವರೇ. ನೀವು ನೋಡೋಣ ಅಂದವು ಹೆಚ್ಚಿನವು ಆಗಿಯೇ ಇಲ್ಲ. ಇಲ್ಲ ಅನ್ನೋಕೆ ಸಂಕೋಚ ಆದಾಗ ಹಾಗಂತೀರಿ.”

“ಖರೆ ಐತ್ರಿ ಮೇಡಂ. ಎದುರಿಗೆ ಹೆಂಗ ಇಲ್ಲ ಅನ್ನೂದು? ಆದ್ರ ಕೆಲವು ಆಗ್ಯಾವಲ್ರೀ. ಯಾರೋ ಅಳತಿ ಕೊಟ್ಟು ಬರೂದಿಲ್ಲ, ಒಂದು ಪಾದ ಉಳಿತೈತಿ, ನಮ್ಮವ್ರು ಕುಂತು ಜೋಡಿಸಿ ಕೊಡ್ತಾರ. ಅಕ್ಕೈತೋ ಇಲ್ಲೋ ಆಗ ನನಗೂ ಗೊತ್ತಿರೂದಿಲ್ಲ.”

“ಈಗ ಉಳಿದ ಪಾದಗಳು ಎಲ್ಲಿ?”

“ಉಳದದ್ದೆಲ್ಲಾ ದಂಡ ಅಂತ ನಿಮ್ಮ ಸುಗಮ ದಿನಾ ಯಂತ್ರಕ್ಕ ಹಾಕಿ ಕರಗಸ್ತೈತ್ರಿ.”

ಅರುಂಧತಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇನ್ನೂ ಗೊತ್ತಿಲ್ಲ ಎಂಬುದನ್ನೂ ಅವಳ ಯಂತ್ರ ವಿಳಂಬವೆಂದು ಲೆಕ್ಕ ಹಾಕಿತ್ತು.

ಶಂಕ್ರವ್ವ ಅವಳತ್ತ ತಿರುಗಿದಳು. “ನೀವರ ಹೇಳ್ರಿ ಬಾಯಾರ. ನನಗ ಕಾಲು ಸಿಗತೈತೇನು?”

‘ನೋಡೋಣ’ ಎಂಬ ಪದ ನಾಲಿಗೆಯ ತುದಿಗೆ ಬಂತು. ಅರುಂಧತಿ ತುಟಿ ಕಚ್ಚಿದಳು. ಇಲ್ಲಿ ಅದನ್ನು ಉತ್ತರವಾಗಿ ಆಡಿದರೆ ಗೋಡೆ ಕೇಳಿಸಿಕೊಂಡು ಅರ್ಜಿಯನ್ನು ಇನ್ನೊಮ್ಮೆ ಮುಚ್ಚುತ್ತದೆ. ಹೌದು ಎಂದರೆ ಸುಳ್ಳು, ಇಲ್ಲ ಎನ್ನಲು ಮನಸ್ಸಿಲ್ಲ. ಸುಗಮ ಬಂದ ಮೇಲೆ ಕುಬಸದರನ್ನು ಬಿಟ್ಟು ನೌಕರರೆಲ್ಲ ಹೌದು, ಇಲ್ಲ ಎರಡರಲ್ಲೇ ಮಾತು ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದರು.

ಅವಳು ಶಂಕ್ರವ್ವನ ಕೈಹಿಡಿದು ಗೇಟಿನಾಚೆ, ಸುಗಮದ ಕಿವಿಗೆ ಎಟುಕದ ಬಸ್‌ ನಿಲ್ದಾಣದವರೆಗೆ ಕರೆತಂದಳು. ಆಮೇಲೆ ಮೆಲ್ಲಗೆ ಹೇಳಿದಳು: “ನೋಡೋಣ ಅಮ್ಮ.”

ಶಂಕ್ರವ್ವ ಅವಳ ಮುಖವನ್ನೇ ದಿಟ್ಟಿಸಿದಳು. “ಯಾವ ನೋಡೂಣ ಯವ್ವಾ ಇದು? ಖರೇದೋ, ಸಾಗಹಾಕೂದೋ?”

ನೋಡೋಣ ಎಂದರೆ ಇಲ್ಲ ಎಂದು ಸುಗಮಕ್ಕೆ ಕಲಿಸಿದ್ದು ಅರುಂಧತಿಯಲ್ಲ. ಅವಳ ಅಪ್ಪ ಅಮ್ಮಂದಿರ ಕಾಲದವರು, ಎಂದರೆ ಇಂದಿನ ನಾವು, ಇಲ್ಲ ಎನ್ನಲಾಗದೆ ನೋಡೋಣ ಎನ್ನುವ ರೂಢಿಯನ್ನು ಕುಬಸದರಂಥವರಿಗೂ ದಾಟಿಸಿ ಯಂತ್ರಕ್ಕೂ ಶಂಕ್ರವ್ವನಿಗೂ ಒಂದೇ ಪಾಠ ಕಲಿಸಿಬಿಟ್ಟಿದ್ದೆವು. ಇನ್ನು ಯಾವ ಮಾತು ಆಡಿದರೂ ಆ ಹೆಂಗಸು ನಂಬಬೇಕಾದ ಕಾರಣವಿರಲಿಲ್ಲ. ಇವತ್ತು ಉಳಿದ ಪಾದವೊಂದಾದರೂ ಸಿಕ್ಕೀತೆಂದು ಅರುಂಧತಿ ಗೇಟಿನೊಳಕ್ಕೆ ಓಡಿದಳು. ಕರಗಿಸುವ ಯಂತ್ರ ಇನ್ನೂ ನಡೆಯುತ್ತಿತ್ತು.