ನೂರಾ ಹತ್ತರ ಬಾಜು ಎಪ್ಪತ್ತು

ತಪ್ಪು ತನ್ನದೇ ಇರಬಹುದೇ...? ಇದ್ದರೂ, ಮಕ್ಕಳ ಎದುರಿಗೇ ತಿದ್ದಬೇಕಿತ್ತೇ?

ಮೊರಬದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾಜಮೀನ್ ತರಗತಿಯ ಬಾಗಿಲಲ್ಲೇ ನಿಂತಳು. ಬೋರ್ಡಿನ ಮೇಲೆ ಬೆಳಿಗ್ಗೆ ಅವಳೇ ಹರಳಿನ ಕೋನ ಅಳೆದು ಬರೆದ ನೂರಾ ಹತ್ತು. ಅದರ ಬಾಜು, ವಿಜ್ಞಾನದ ಶಾಕೀರ್ ಸರ್ ಈಗಷ್ಟೇ ಬರೆದ ಎಪ್ಪತ್ತು.

ಶಾಕೀರನ ಮನೆಯವರು ಹೆಣ್ಣು ಕೇಳಿ ಹೋಗಿದ್ದರು. ಸಂಜೆಯೊಳಗೆ ಅವಳು ತಾಯಿ ರಾಜಮಾಬಿಗೆ ಉತ್ತರ ಹೇಳಬೇಕಿತ್ತು. ಹ್ಞೂಂ ಅನ್ನಲು ಮನಸ್ಸು ಎಂದೋ ಸಿದ್ಧವಾಗಿತ್ತು... ಈ ಎಪ್ಪತ್ತನ್ನು ನೋಡುವತನಕ.

ಅವನ ಪಾಠವೆಂದರೆ ಅವಳಿಗೆ ಬೆರಗು. ಪ್ರಯೋಗಾಲಯವಿಲ್ಲದ ಶಾಲೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ರಟ್ಟಿನ ಪಟ್ಟಿಯೊಂದನ್ನು ಟಾಚಣಿಯಿಂದ ಸಿಕ್ಕಿಸಿ ಹರಳು ಅಳೆಯುವ ಸಾಧನ ಮಾಡಿದ್ದ. ಮಕ್ಕಳು ಲೋಟದಲ್ಲಿ ದಾರ ಇಳಿಬಿಟ್ಟು ಬೆಳೆಸಿದ ಪಟಿಕದ ಹರಳುಗಳು ಒಂದು ಗಿಡ್ಡ, ಒಂದು ಸೊಟ್ಟ. ಎರಡು ಮುಖ ಕೂಡುವ ಕೋನ ಮಾತ್ರ ಎಲ್ಲದರಲ್ಲೂ ಒಂದೇ! ಅದನ್ನು ಅವನು ಹೇಳಿಕೊಟ್ಟಿರಲಿಲ್ಲ. ಮಕ್ಕಳೇ ಅಳೆದು ಕಂಡುಕೊಳ್ಳುವತನಕ ಸುಮ್ಮನೆ ಕಾದಿದ್ದ.

ಆ ಮೌನವನ್ನೇ ಅವಳು ಮೆಚ್ಚಿದ್ದು. ಇಂದು ಅದೇ ಚುಚ್ಚಿತು.

"ಟೀಚರ್, ನಿಮ್ದು ಖರೇನೋ, ಸರ್ದು ಖರೇನೋ?" ಎಂದಳು ಮುಂದಿನ ಬೆಂಚಿನ ಗಂಗಾ. "ಜಗಳಾಡಿ ಆದ್ರೂ ಒಂದ ಉತ್ತರಾ ಹೇಳ್ರಿ."

ತರಗತಿ ನಕ್ಕಿತು. ಶಾಕೀರ್ ನಗಲಿಲ್ಲ. ಹರಳನ್ನೂ ಸಾಧನವನ್ನೂ ಅವಳ ಮುಂದೆ ಚಾಚಿದ.

ಅವಳು ಮತ್ತೆ ಅಳೆದಳು. ಪಟ್ಟಿ ನೂರಾ ಹತ್ತಕ್ಕೇ ನಿಂತಿತು. ಅದೇ ಗೆರೆಯ ಕೆಳಗೆ, ಎರಡನೇ ಸಾಲಿನ ಅಂಕಿಗಳಲ್ಲಿ... ಎಪ್ಪತ್ತು.

ದಿನಾ ಇದನ್ನೇ ಕಲಿಸುವವಳು ತಾನು. ನೋವಿನಲ್ಲಿ ಹೊಳೆಯಲೇ ಇಲ್ಲವಲ್ಲ!

ಗಂಟೆ ಹೊಡೆಯಿತು. ಮಕ್ಕಳು ಹೊರಗೋಡಿದರು.

"ನಂದು ಅಳಸಿ ಬರೀಬೌದಿತ್ತಲ್ರಿ?" ಎಂದಳು ನಾಜಮೀನ್.

"ಯಾಕ ಅಳಸ್ಲಿ? ನೀವು ಒಳಗಿನ ಕೋನ ನೋಡೀರಿ, ನಾ ಹೊರಗಿಂದು. ಮೂಲಿ ಒಂದ ಐತಿ." ಬೋರ್ಡಿನ ಕಡೆ ಬೆರಳು ತೋರಿಸಿ ಅವನೆಂದ, "ಎರಡೂ ಕೂಡಸ್ರಿ."

"ನೂರಾ ಎಂಬತ್ತು," ಎಂದಳು. ಒಂದು ನೇರ ಗೆರೆ.

ಅವನು ಬೆರಳಿಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ನಿಂತ. ಇನ್ನೇನೋ ಹೇಳುವನೆಂದು ಅವಳು ಕಾದಳು.

"ಇವತ್ತ ಅಮ್ಮ ಉತ್ತರ ಕೇಳ್ತಾಳ," ಎಂದಳು ಕೊನೆಗೆ. "ಏನ್ ಹೇಳ್ಲಿ?"

"ನೀವ ಅಳದು ನೋಡ್ರಿ."

"ಅಳದಾತ್ರಿ... ಹ್ಞೂಂ ಅಂತೀನಿ."

ಅವನು ತಲೆಯೆತ್ತಿದ. ಕೈಯಲ್ಲಿದ್ದ ಹರಳನ್ನು ಅವಳ ಅಂಗೈಯಲ್ಲಿಟ್ಟ.

ನೀವಂದರೆ ನನಗೆ ಇಷ್ಟ ಎಂದು ಶಾಕೀರ್ ಆ ದಿನ ಹೇಳಲಿಲ್ಲ. ಮದುವೆಯಾದ ಮೇಲೂ ಹೇಳಲಿಲ್ಲ.